ಎಲ್ಲ ಕಪ್ಪೂ ಟಿಣ್ ಅಂದ ದಿನ

"ಇಂಥಾ ಚಳೀಲಿ ಫ್ಯಾನ್ ಹಾಕ್ಕೊಂಡು ಕೂತಿದೀಯಲ್ಲೇ, ನಿನ್ ಮೈಯಲ್ಲಿ ಓಡೋದು ರಕ್ತಾನೋ ನೀರೋ?" ಎಂದು ಗಂಡನ ಅಕ್ಕ ಬಂದವಳೇ ಸ್ವಿಚ್ಚನ್ನು ಟಪ್ಪೆಂದು ಆರಿಸಿದಳು.

"ಅತ್ತಿಗೆ, ಹಾಕಿ ಅದನ್ನ. ನಂಗೆ ಬೇಕಿರೋದು ಗಾಳಿ ಅಲ್ಲ, ಸದ್ದು."

"ಸದ್ದು ಬೇಕಂತೆ ಸದ್ದು! ಕರೆಂಟು ನಿಮ್ಮಪ್ಪನ ಮನೆಯಿಂದ ಬರುತ್ತಾ?"

"ನಿಮ್ಮಪ್ಪನ ಮನೆಯಿಂದಲೂ ಬರಲ್ಲ."

ಇಷ್ಟಾದ ಮೇಲೆ ಆ ಮನೆಯಲ್ಲಿ ಬೇರೆ ಸದ್ದೇ ಬೇಕಾಗುತ್ತಿರಲಿಲ್ಲ. ಇಬ್ಬರೂ ಸೇರಿ ಬೀದಿಗೆಲ್ಲ ಕೇಳುವಷ್ಟು ಸದ್ದು ಮಾಡುತ್ತಿದ್ದರು. ನಡುವೆ ಸಿಕ್ಕಿದವನು ಗಂಡ. ಬೀಗ ರಿಪೇರಿ ಅವನ ಕಸುಬು. ಊರಿನವರ ಬೀಗವನ್ನೆಲ್ಲ ಬಿಚ್ಚುವವನು ಈ ಇಬ್ಬರ ನಡುವೆ ತನ್ನ ಬಾಯಿಗೆ ಮಾತ್ರ ಬೀಗ ಹಾಕಿಕೊಂಡು ಕೂರುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಅಕ್ಕನ ಕಡೆ ಮಾತಾಡಿದರೆ ಹೆಂಡತಿ ಬಿಡಳು, ಹೆಂಡತಿಯ ಕಡೆ ಮಾತಾಡಿದರೆ ಅಕ್ಕ ಅವನನ್ನು ಎತ್ತಿ ಆಡಿಸಿದ ಕಥೆ ಶುರುಮಾಡುವಳು.

ಹೆಂಡತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಟಿಣ್ಣಮ್ಮ ಅಂತ. ಅದು ಪಿಂಗಾಣಿ ಕಪ್ಪಿನ ಕಾರ್ಖಾನೆ ಕೊಟ್ಟ ಅಡ್ಡಹೆಸರು. ಭಟ್ಟಿಯಿಂದ ಸುಟ್ಟು ಬಂದ ಕಪ್ಪುಗಳನ್ನು ಒಂದೊಂದಾಗಿ ಎಡಗೈಯಲ್ಲಿ ಹಗುರಾಗಿ ಹಿಡಿದು, ಬಲಗೈಯ ಪುಟ್ಟ ಮರದ ಕೊಡತಿಯಿಂದ ಅಂಚಿಗೆ ತಟ್ಟುವುದು ಅವಳ ಕೆಲಸ. ಗಟ್ಟಿ ಕಪ್ಪು 'ಟಿಣ್' ಅನ್ನುತ್ತದೆ, ಆ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿದ್ದರೂ 'ಡಬ್' ಅಂದು ಅಲ್ಲೇ ಸಾಯುತ್ತದೆ. ಟಿಣ್ ಅಂದದ್ದು ಟ್ರೇಗೆ, ಡಬ್ ಅಂದದ್ದು ತಿಪ್ಪೆಗೆ. ತಾರುಣ್ಯವನ್ನೆಲ್ಲ ಅವಳು ಆ ಬೆಂಚಿನ ಮೇಲೆ ಸವೆಸಿದ್ದಳು. ಸವೆಸಿದೆನೆಂಬ ಬೇಸರ ಇರಲಿಲ್ಲ, ಬದಲಿಗೆ ಜಂಬವಿತ್ತು. ಇರಲಿ ಬಿಡಿ, ಇರಬೇಕಾದ್ದೇ. ಕಾರ್ಖಾನೆಯ ಮಾಲೀಕನೂ ಅವಳ ಬೆಂಚಿನ ಹತ್ತಿರ ಬಂದರೆ ಮಾತು ನಿಲ್ಲಿಸಿ ತುದಿಗಾಲಲ್ಲಿ ನಡೆಯುತ್ತಿದ್ದ.

ಅಲ್ಲಿ ಒಂದು ಮಾತಿತ್ತು: ಕಿವಿ ಹೋದವರಿಗೆ ಹುಲ್ಲು. ಕಪ್ಪುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೋಣೆ ಹಿಂದುಗಡೆ ಇತ್ತು. ಟಿಣ್ಣಮ್ಮನಿಗಿಂತ ಮುಂಚೆ ಬೆಂಚಿನಲ್ಲಿದ್ದ ಮುದುಕಿಯನ್ನು ಕಿವಿ ಮಂದವಾದಾಗ ಅಲ್ಲಿಗೆ ಕಳಿಸಿದರು. ಅವಳು ಸತ್ತ ಸುದ್ದಿ ಕಾರ್ಖಾನೆಗೆ ಬಂದಾಗ ಅರ್ಧ ಜನಕ್ಕೆ ಅವಳು ಯಾರೆಂದೇ ನೆನಪಾಗಲಿಲ್ಲ. ಆ ಕೋಣೆಯ ಬಾಗಿಲು ದಾಟುವಾಗಲೆಲ್ಲ ಟಿಣ್ಣಮ್ಮ ಮುಖ ಆಚೆ ತಿರುಗಿಸಿಕೊಂಡೇ ಹೋಗುತ್ತಿದ್ದಳು.

ಇನ್ನು ಗಂಡನ ಅಕ್ಕನ ಪ್ರವರ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು, ತಮ್ಮನ ಮನೆಯಲ್ಲೇ ಇದ್ದಳು. ಬೀದಿಯವರು ಅವಳನ್ನು ಸೂಜಿಯಕ್ಕ ಅನ್ನುತ್ತಿದ್ದರು. ಯಾರಿಗೆ ಜ್ವರ ಬರಲಿ, ಸೊಂಟ ಹಿಡಿಯಲಿ, ಡಬ್ಬಿ ಹಿಡಿದುಕೊಂಡು ಹಾಜರಾಗುವಳು. ಒಳ್ಳೆಯ ಕೈ, ನೋವೇ ಗೊತ್ತಾಗಲ್ಲ ಅಂತ ಎಲ್ಲರ ಹೊಗಳಿಕೆ. ಆ ಹೊಗಳಿಕೆ ತಲೆಗೇರಿ, ಡಾಕ್ಟರ್ ಹೇಳಿದ್ದು ಒಂದಾದರೆ ತಾನು ತಿಳಿದದ್ದು ಅದಕ್ಕಿಂತ ಒಂದು ಕೈ ಹೆಚ್ಚು ಎಂಬ ಹುಮ್ಮಸ್ಸು ಅವಳಿಗೆ.

ಮೂತ್ರಪಿಂಡಕ್ಕೆ ಸೋಂಕು ತಗುಲಿ ಟಿಣ್ಣಮ್ಮ ಜ್ವರದಲ್ಲಿ ಮಲಗಿದಾಗ ಡಾಕ್ಟರ್ ಐದು ಇಂಜೆಕ್ಷನ್ ಹೇಳಿದರು. ಐದಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನ ಕೇಳದೆ ಮುಂದುವರಿಸಬೇಡಿ ಅಂತಲೂ ಹೇಳಿದರು. ಸೂಜಿಯಕ್ಕ ಮನೆಯಲ್ಲೇ ಕೊಟ್ಟಳು. ಐದಾಯಿತು, ಜ್ವರ ಬಿಟ್ಟಿತು. "ಮತ್ತೆ ತಿರುಗಿ ಬಂದ್ರೆ? ಬೇರು ಸಮೇತ ಕಿತ್ತು ಹಾಕ್ಬೇಕು," ಎಂದು ಇನ್ನೂ ಐದು ತರಿಸಿ ಚುಚ್ಚಿದಳು. ರಕ್ತ ಪರೀಕ್ಷೆಯ ಮಾತೆತ್ತಿದರೆ, "ನಾನು ಇಷ್ಟು ವರ್ಷ ಆಸ್ಪತ್ರೇಲಿ ಕಡ್ಲೆಕಾಯಿ ತಿಂತಿದ್ನಾ?" ಎಂದಳು.

ಜ್ವರ ತಿರುಗಿ ಬರಲಿಲ್ಲ. ಬಂದದ್ದು ಕಿವಿಯೊಳಗಿನ ದನಿ. ಎರಡೂ ಕಿವಿಯಲ್ಲಿ, ಹಗಲೂ ರಾತ್ರಿ, ಒಂದೇ ಸಮನೆ, ನಿಲ್ಲದ ಟಿಣ್. ಎಂಥ ವಿಪರ್ಯಾಸ ನೋಡಿ, ಜೇನು ಗುಯ್‌ಗುಟ್ಟಿದ ಹಾಗಿರಲಿಲ್ಲ, ಸೀಟಿಯ ಹಾಗೂ ಇರಲಿಲ್ಲ. ಗಟ್ಟಿ ಕಪ್ಪನ್ನು ತಟ್ಟಿದಾಗ ಬರುವ ಅದೇ ಎಳೆ, ಅದೇ ಏರು. ಯಾರೋ ತಲೆಯೊಳಗೆ ಕೂತು ಒಂದೇ ಕಪ್ಪನ್ನು ತಟ್ಟುತ್ತಲೇ ಇದ್ದಂತೆ.

ಅವಳು ಯಾರಿಗೂ ಹೇಳದೆ ಕಿವಿ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ಯಾವ ಔಷಧಿ, ಎಷ್ಟು ದಿನ ಎಂದು ಕೇಳಿ, ಪರೀಕ್ಷೆ ಮಾಡಿ, ತುಟಿ ಕಚ್ಚಿಕೊಂಡಳು. "ಆ ಔಷಧಿ ಹೆಚ್ಚಾದ್ರೆ ಒಳಗಿವಿಗೆ ಪೆಟ್ಟು ಬೀಳುತ್ತಮ್ಮ. ಬಿದ್ದ ಪೆಟ್ಟು ವಾಪಸ್ ಹೋಗೋದು ಕಷ್ಟ. ಆದ್ರೆ ಅದರ ಜೊತೆ ಬದುಕೋದು ಕಲೀಬಹುದು."

"ಹೇಗೆ?"

"ಸದ್ದಿಲ್ಲದ ಜಾಗದಲ್ಲಿ ಕೂರ್ಬೇಡಿ. ಫ್ಯಾನೋ, ನೀರೋ, ರೇಡಿಯೋನೋ, ಸಣ್ಣಗೆ ಏನಾದ್ರೂ ಇಟ್ಕೊಳ್ಳಿ. ಪೂರ್ತಿ ಮುಳುಗಿಸೋಕೆ ಹೋಗ್ಬೇಡಿ, ಇದೂ ಕೇಳ್ಲಿ, ಅದೂ ಕೇಳ್ಲಿ. ಕೈಗೂ ಮನಸ್ಸಿಗೂ ಕೆಲಸ ಕೊಡಿ. ಅದನ್ನೇ ಕಾಯ್ತಾ ಕೂತ್ರೆ ಅದು ದೊಡ್ಡದಾಗುತ್ತೆ."

ಅವಳು ಮನೆಗೆ ಬಂದು ಫ್ಯಾನು ಹಾಕಿದಳು. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ರೇಡಿಯೋ ಮುಳ್ಳು ತಿರುಗಿಸಿ ಬರೀ ಸರಸರ ಸದ್ದು ಇಟ್ಟುಕೊಂಡಳು. ಮನಸ್ಸಿಗೆ ಕೆಲಸ ಬೇಕಲ್ಲ, ಗಂಡನ ಡಬ್ಬದಲ್ಲಿ ಬೆರೆತುಹೋಗಿದ್ದ ಹಳೇ ಬೀಗದ ಕೈಗಳನ್ನೆಲ್ಲ ಸುರಿದುಕೊಂಡು ಹಲ್ಲಿನ ಲೆಕ್ಕದಲ್ಲಿ ಜೋಡಿಸತೊಡಗಿದಳು. ಕೆಲವು ಸಂಜೆ ನಿಜವಾಗಿಯೂ ಆ ದನಿ ಇದೆಯೆಂಬುದೇ ಮರೆತುಹೋಗುತ್ತಿತ್ತು. ಅಷ್ಟರಲ್ಲಿ ಸೂಜಿಯಕ್ಕ ಬರುವಳು. ಫ್ಯಾನು ಆರುವುದು, ರೇಡಿಯೋ ಕತ್ತು ಹಿಸುಕುವುದು, "ಹುಚ್ಚರ ಸಂತೆ ಮಾಡಿಟ್ಟಿದಾಳೆ ಮನೇನ," ಎಂಬ ಮಂಗಳಾರತಿ ಆಗುವುದು. ಬಿದ್ದ ಮೌನದಲ್ಲಿ ಕಿವಿಯೊಳಗಿನ ಕಪ್ಪು ಎದ್ದು ಕುಣಿಯುವುದು.

"ನಿಮ್ ಇಂಜೆಕ್ಷನ್ನಿಂದ ಬಂದಿದ್ದು ಇದು," ಎಂದು ಒಮ್ಮೆ ಹೇಳಿಯೂ ಬಿಟ್ಟಳು.

"ಬದುಕಿಸಿದ್ದಕ್ಕೆ ಇದಾ ಬಹುಮಾನ? ಅದೆಲ್ಲಾ ನಿನ್ ತಲೇಲಿರೋದು. ಕೆಲಸವಿಲ್ಲದ ತಲೆ."

"ಹೌದು, ತಲೇಲೇ ಇರೋದು. ಇಟ್ಟೋರು ನೀವು."

ಕಾರ್ಖಾನೆಯಲ್ಲಿ ಮಾತ್ರ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಜ್ವರ ಬಿಟ್ಟು ಕೆಲಸಕ್ಕೆ ಹೋದ ಮೊದಲ ದಿನ ಕಣ್ಣಿಗೇ ಬಿರುಕು ಕಾಣುತ್ತಿದ್ದ ಒಂದು ಕಪ್ಪನ್ನು ತಟ್ಟಿದಾಗ ಕಿವಿ 'ಟಿಣ್' ಎಂದಿತು. ಕಪ್ಪು ಅಂದದ್ದಲ್ಲ, ಕಪ್ಪು ಸತ್ತಲ್ಲಿಂದ ಮುಂದಿನ ದನಿಯನ್ನು ಕಿವಿಯೇ ತುಂಬಿ ಕೊಟ್ಟಿತ್ತು. ಆಮೇಲೆ ಉಪಾಯ ಹೊಳೆಯಿತು. ಮಣ್ಣು ಅರೆಯುವ ದೊಡ್ಡ ಡ್ರಮ್ಮು ಪಕ್ಕದ ಕೋಣೆಯಲ್ಲಿ ಕಲ್ಲುಗುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನವಿಡೀ ಗೊರಗೊರ ತಿರುಗುತ್ತಿತ್ತು. ಕಿಟಕಿಯ ಗಾಳಿ ತಾಕುತ್ತೆ ಅಂತ ನೆಪ ಹೇಳಿ ಬೆಂಚನ್ನು ಆ ಗೋಡೆಗೆ ಎಳೆಸಿಕೊಂಡಳು. ಡ್ರಮ್ಮಿನ ಗೊರಗೊರದಲ್ಲಿ ಕಿವಿಯ ದನಿ ಮೆತ್ತಗಾಯಿತು, ಕೊಡತಿಯ ಏಟು ಅದರ ಮೇಲೆ ಚುರುಕಾಗಿ ಕೇಳಿತು. ಟಿಣ್ ಟಿಣ್ಣೇ, ಡಬ್ ಡಬ್ಬೇ. ಸದ್ದಿನ ನಡುವೆ ಕೂತು ಕಪ್ಪು ತಟ್ಟುವವಳನ್ನು ನೋಡಿ ಮೇಸ್ತ್ರಿ ತಲೆ ಕೆರೆದುಕೊಂಡ. "ಎಲ್ಲರೂ ಸದ್ದಿಂದ ದೂರ ಹೋಗ್ತಾರೆ, ನೀನೇನು ಸದ್ದಿನ ಮಡ್ಲಿಗೆ ಹೋಗಿ ಕೂತಿದೀಯ ಟಿಣ್ಣಮ್ಮ?" ಎಂದ. ಅವಳು ನಕ್ಕಳು.

ಹೀಗೇ ನಡೆಯುತ್ತಿತ್ತು. ಡ್ರಮ್ಮಿನ ಬೆಲ್ಟು ಹರಿದು, ಹೊಸದು ಬರುವವರೆಗೆ ಅದು ಒಂದು ದಿನ ಪೂರ್ತಿ ನಿಂತುಹೋಯಿತು.

ಆವತ್ತಿನ ಮೌನಕ್ಕೆ ಅವಳು ಹೆದರಿದಷ್ಟು ಜ್ವರಕ್ಕೂ ಹೆದರಿರಲಿಲ್ಲ. ಮೊದಲ ಕಪ್ಪು ತಟ್ಟಿದಳು: ಟಿಣ್. ಎರಡನೆಯದು: ಟಿಣ್. ಟ್ರೇಯ ಮೇಲೆ ಟ್ರೇ, ಎಲ್ಲ ಕಪ್ಪೂ ಟಿಣ್. ಭಟ್ಟಿ ಯಾವತ್ತೂ ಅಷ್ಟು ಒಳ್ಳೆಯದಾಗಿರುವುದಿಲ್ಲ ಎಂದು ಅವಳಿಗೆ ಗೊತ್ತು. ಎದ್ದು ಹೋಗಿ, ಇವತ್ತು ನನ್ನ ಕೈಲಾಗಲ್ಲ ಮೇಸ್ತ್ರಿ, ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಅಂತ ಕೇಳುವನಲ್ಲ? ಕೇಳಿದರೆ ಹುಲ್ಲಿನ ಕೋಣೆ. ಹಾಳು ಜಂಬ, ಹಾಳು ಭಯ. ಮೇಸ್ತ್ರಿ ನೋಡುತ್ತಾನೆಂದು ಅಂದಾಜಿಗೆ ಒಂದಷ್ಟನ್ನು ತಿಪ್ಪೆಗೆ ಎಸೆದಳು. ಎಸೆದದ್ದರಲ್ಲಿ ಒಳ್ಳೆಯವೆಷ್ಟು, ಇಟ್ಟದ್ದರಲ್ಲಿ ಒಡಕೆಷ್ಟು, ದೇವರೇ ಬಲ್ಲ.

ಕಾರ್ಖಾನೆಯಲ್ಲಿ ಒಂದು ಹಳೇ ಪದ್ಧತಿಯಿತ್ತು. ತಿಂಗಳ ಕೊನೆಗೆ ತಟ್ಟುವವಳಿಗೆ ಅರ್ಧ ಡಜನ್ ಕಪ್ಪು ಕೊಡುವರು, ಅದೂ ಆ ದಿನ ಅವಳೇ ಪಾಸು ಮಾಡಿದ ಟ್ರೇಯಿಂದ, ಮೇಸ್ತ್ರಿಯೇ ಕೈಹಾಕಿ ತೆಗೆದು. ತಟ್ಟಿದವಳು ತಾನು ತಟ್ಟಿದ್ದರಲ್ಲೇ ಕುಡಿಯಬೇಕು. ಅವಳ ದುರದೃಷ್ಟಕ್ಕೆ ಆವತ್ತೇ ತಿಂಗಳ ಕೊನೆ. ಮೇಸ್ತ್ರಿ ಆರು ಕಪ್ಪು ತೆಗೆದು ಡಬ್ಬದಲ್ಲಿ ಹಾಕಿ ಕೊಟ್ಟ. ಅವಳು ಮನೆಗೆ ತಂದು ಅಟ್ಟದ ಮೇಲೆ, ಹಳೇ ಪಾತ್ರೆಗಳ ಹಿಂದೆ ತುರುಕಿದಳು. ಎಸೆಯಲು ಮನಸ್ಸು ಬರಲಿಲ್ಲ. ತಟ್ಟಿ ನೋಡಿ ಪ್ರಯೋಜನವಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಮೇಸ್ತ್ರಿ ಮನೆಗೇ ಬಂದ. ಕಾರ್ಖಾನೆಯ ಗೋಡೌನಿನ ಬೀಗ ಕಚ್ಚಿಕೊಂಡಿತ್ತು, ಗಂಡನಿಂದ ಬಿಡಿಸಿಕೊಂಡು ಹೋಗಲು ತಂದಿದ್ದ. ಟಿಣ್ಣಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಳಗೆ ಬರುವಷ್ಟರಲ್ಲಿ ಸೂಜಿಯಕ್ಕ ಬಂದವರ ಮುಂದೆ ದೊಡ್ಡಸ್ತಿಕೆ ತೋರಿಸಲು ಅಟ್ಟ ಹತ್ತಿ, ಆ ಡಬ್ಬ ಇಳಿಸಿ, ಹೊಸ ಕಪ್ಪುಗಳಿಗೆ ಕುದಿಯುವ ಟೀ ಸುರಿದಿದ್ದಳು.

"ಅಯ್ಯೋ, ಅದರಲ್ಲಿ ಬೇಡ!" ಎಂದು ಟಿಣ್ಣಮ್ಮ ಕೂಗುವುದಕ್ಕೂ ಸೂಜಿಯಕ್ಕ ಕಪ್ಪನ್ನು ಬಾಯಿಯ ಹತ್ತಿರ ತರುವುದಕ್ಕೂ ಸರಿಹೋಯಿತು. ಕಪ್ಪಿನ ತಳ ಕಳಚಿ ಬಿತ್ತು. ಟೀ ಅಷ್ಟೂ ಬಲಗೈ ಮೇಲೆ, ಮಡಿಲ ಮೇಲೆ.

ಕಿರುಚಾಟ, ಓಡಾಟ. ಗಂಡ ಅಕ್ಕನ ಕೈ ಹಿಡಿದು ಅಡಿಗೆಮನೆಯ ನಲ್ಲಿಯ ಕೆಳಗೆ ಒಡ್ಡಿದ. ಕೈ ಕೆಂಪಗೆ ಉಬ್ಬಿತ್ತು. ಆ ನೋವಿನಲ್ಲೂ ಸೂಜಿಯಕ್ಕನ ಬಾಯಿ ಸುಮ್ಮನಿರಲಿಲ್ಲ. "ಬೇಡ ಅಂತ ಕೂಗಿದ್ಲು ನೋಡು! ಗೊತ್ತಿತ್ತು ಇವಳಿಗೆ! ತಿಪ್ಪೆಯಿಂದ ಒಡಕು ಆರಿಸ್ಕೊಂಡು ಬಂದು ಇಟ್ಟಿದಾಳೆ ನನ್ನ ಸುಡೋಕೆ! ಎಷ್ಟು ದಿನದಿಂದ ಹಲ್ಲು ಮಸೀತಿದ್ಲು!"

ಮೇಸ್ತ್ರಿ ಉಳಿದ ಕಪ್ಪುಗಳ ಟೀ ಚೆಲ್ಲಿ, ಚಮಚದಿಂದ ಒಂದೊಂದನ್ನೇ ತಟ್ಟಿದ. ಅವನ ಹುಬ್ಬು ಗಂಟಾಯಿತು. ಎರಡನ್ನು ಪಕ್ಕಕ್ಕಿಟ್ಟ. "ಇವೆರಡೂ ಸತ್ತಿವೆ," ಎಂದ. ಆಮೇಲೆ ಟಿಣ್ಣಮ್ಮನ ಕಡೆ ತಿರುಗಿದ. "ಇವು ನಾನು ಕೊಟ್ಟಿದ್ದಾ? ಇಲ್ಲಾ ಅಕ್ಕ ಹೇಳೋ ಹಾಗೆ ತಿಪ್ಪೇದಾ?"

ಅವಳಿಗೆ ತಕ್ಷಣ ಅರ್ಥವಾಯಿತು. ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿತ್ತು. ತಿಪ್ಪೆಯದು ಅಂದರೆ ಅವಳು ಕೆಟ್ಟವಳಾಗುತ್ತಾಳೆ, ಅಷ್ಟೇ. ಕಿವಿ ಸರಿಯಿರುತ್ತದೆ, ಬೆಂಚು ಉಳಿಯುತ್ತದೆ. ಮನೆಜಗಳ ಯಾರ ಮನೆಯಲ್ಲಿಲ್ಲ? ಸೂಜಿಯಕ್ಕನ ಕಡೆ ನೋಡಿದಳು. ಅವಳ ಕಣ್ಣಿನಲ್ಲೂ ಅದೇ ಲೆಕ್ಕ ಓಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಣ್ಣು ಅದು. ಇವಳ ಕಿವಿ ಕೆಟ್ಟಿದೆ ಎಂದು ಹೊರಬಿದ್ದರೆ, ಕೆಡಿಸಿದ್ದು ಯಾರೆಂದೂ ಹೊರಬೀಳುತ್ತದೆ. ಹಾಗಾಗಿ ನೀನು ದುಷ್ಟೆಯಾಗೇ ಇರು ಎಂದು ಆ ಕಣ್ಣು ಬೇಡುತ್ತಿತ್ತು.

"ತಿಪ್ಪೇದೇ," ಎಂದಳು ಟಿಣ್ಣಮ್ಮ. "ನಾನೇ ತಂದಿಟ್ಟಿದ್ದು. ಬೇಕಂತ್ಲೇ."

ಗಂಡ ನಲ್ಲಿಯ ಹತ್ತಿರವೇ ನಿಂತು ಅವಳನ್ನು ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹಾಗೆ ನೋಡಿರಲಿಲ್ಲ. "ಥೂ!" ಎಂದ.

ಸೂಜಿಯಕ್ಕ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡು, ಒಪ್ಕೊಂಡ್ಲಲ್ಲ. ದೊಡ್ಡವಳು ನಾನು, ಕ್ಷಮಿಸಿದೀನಿ."

ಕ್ಷಮಿಸಿದ್ದಾಳಂತೆ! ಟಿಣ್ಣಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆದರೂ ಹಲ್ಲು ಕಚ್ಚಿ ನಿಂತಳು.

ಮೇಸ್ತ್ರಿಯ ಮುಖ ಮಾತ್ರ ಸಡಿಲವಾಯಿತು. "ಅಬ್ಬ, ಬದುಕಿದೆ ಮಾರಾಯ್ತಿ! ಒಂದು ಗಳಿಗೆ ನನ್ ಜೀವಾನೇ ಹಾರಿಹೋಗಿತ್ತು. ಬೆಲ್ಟು ಹರಿದ ದಿನದ ಟ್ರೇಗಳೇ ನಾಳೆ ಬೆಳಿಗ್ಗೆ ಲಾರಿ ಹತ್ತೋದು, ಆಸ್ಪತ್ರೆಗೆ. ವಾರ್ಡಿನೋರಿಗೆ ಹಾಸಿಗೇಲೇ ಗಂಜಿ ಕೊಡೋದಕ್ಕಂತೆ. ಇವು ಆ ಟ್ರೇದಾಗಿದ್ರೆ ಏನು ಗತಿ? ಸದ್ಯ. ನಿಮ್ಮ ಜಗಳ ನಿಮಗಿರ್ಲಿ, ನಾನು ಹೊರಡ್ತೀನಿ." ಬೀಗ ಎತ್ತಿಕೊಂಡು ಚಪ್ಪಲಿ ಮೆಟ್ಟಿದ.

ಸೂಜಿಯಕ್ಕನ ಕೈಗಾದರೆ ಕಾಲಿತ್ತು, ನಲ್ಲಿಯವರೆಗೆ ಓಡಿತು. ಹಾಸಿಗೆ ಹಿಡಿದವರು ಎಲ್ಲಿಗೆ ಓಡಬೇಕು? ಟಿಣ್ಣಮ್ಮ ತಾನು ಜ್ವರದಲ್ಲಿ ಮಲಗಿದ್ದಾಗ ಗಂಡ ಕುಡಿಸಿದ ಗಂಜಿಯನ್ನು ನೆನೆದಳು. ಆಗ ಕತ್ತೆತ್ತಲೂ ಶಕ್ತಿಯಿರಲಿಲ್ಲ. ಕಪ್ಪು ಎದೆಯ ಮೇಲೇ ಇತ್ತು.

"ಮೇಸ್ತ್ರಿ, ಲಾರಿ ನಿಲ್ಸಿ," ಎಂದಳು.

"ಏನು?"

"ಇವು ನೀವು ಕೊಟ್ಟ ಕಪ್ಪೇ. ತಿಪ್ಪೇದಲ್ಲ. ಆವತ್ತಿಂದು ಒಂದೂ ಬಿಡದೆ ಬೇರೆಯೋರ ಕೈಲಿ ತಟ್ಟಿಸಿ."

"ಏ, ಏನಾಗಿದೆಯೇ ನಿಂಗೆ?" ಸೂಜಿಯಕ್ಕ ನಲ್ಲಿ ಬಿಟ್ಟು ಓಡಿಬಂದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಈಗ ತಾನೇ ಬೇಕಂತ್ಲೇ ಅಂದ್ಯಲ್ಲ! ಅದೇ ಇರ್ಲಿ. ಇವಳಿಗೆ ಮಾತಿನ ಮೇಲೆ ನಿಗಾ ಇಲ್ಲ ಮೇಸ್ತ್ರಿ, ಮನಸ್ಸಿಗೆ ಹಚ್ಕೋಬೇಡಿ."

"ಎಲ್ಲ ಕಪ್ಪೂ ಟಿಣ್ ಅಂದವು," ಎಂದಳು ಟಿಣ್ಣಮ್ಮ, ಅವಳ ಕಡೆ ನೋಡದೆ. "ಒಡಕೂ ಟಿಣ್, ಗಟ್ಟೀನೂ ಟಿಣ್. ಡ್ರಮ್ಮಿನ ಸದ್ದಿದ್ರೆ ಹೇಗೋ ಗೊತ್ತಾಗ್ತಿತ್ತು, ಆವತ್ತು ಅದೂ ನಿಂತಿತ್ತು. ನನ್ ಕಿವಿ ಹೋಗಿದೆ ಮೇಸ್ತ್ರಿ. ಮುಚ್ಚಿಟ್ಟಿದ್ದೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಯಾರೂ ಒದೆಯಲಿಲ್ಲ. ಮೇಸ್ತ್ರಿ ಹೊಸ್ತಿಲ ಮೇಲೆ ಒಂದು ಚಪ್ಪಲಿ ಮೆಟ್ಟಿಕೊಂಡು, ಒಂದು ಬಿಟ್ಟುಕೊಂಡು ನಿಂತೇ ಇದ್ದ. "ಯಾವಾಗಿಂದ?" ಎಂದ.

"ಇವರನ್ನ ಕೇಳಿ."

"ಲೇ, ನಿನ್ ಕೆಲಸ ಹೋಗುತ್ತೆ ಕಣೇ," ಎಂದಳು ಸೂಜಿಯಕ್ಕ. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ಆ ಮನೆ ಯಾವತ್ತೂ ಕೇಳಿರಲಿಲ್ಲ. "ಯೋಚ್ನೆ ಮಾಡು. ಬೆಂಚು ಹೋಗುತ್ತೆ."

"ಹೋಗ್ಲಿ. ನಿಮ್ಮ ಸೂಜೀನೂ ಹೋಗ್ಲಿ."

ಗಂಡ ನಲ್ಲಿ ನಿಲ್ಲಿಸಿ ಬಂದ. ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ. ಬಾಯಿಯ ಬೀಗ ಆವತ್ತು ಕೊನೆಗೂ ಬಿಚ್ಚಿತು. "ಅಕ್ಕಾ, ಡಾಕ್ಟ್ರು ಎಷ್ಟು ಇಂಜೆಕ್ಷನ್ ಹೇಳಿದ್ರು?"

ಸೂಜಿಯಕ್ಕ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ನಾನು ಒಳ್ಳೇದಕ್ಕೇ ಮಾಡಿದ್ದು ಕಣೋ," ಎಂದಳು.

"ಎಷ್ಟು?"

"ಐದು."

ತರಿಸಿದ್ದು ಎಷ್ಟೆಂದು ಅವನಿಗೆ ಗೊತ್ತಿತ್ತು. ಅಂಗಡಿಗೆ ಎರಡನೇ ಸಲ ಹೋಗಿ ತಂದವನೇ ಅವನು. ಗೋಡೆ ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

ಟಿಣ್ಣಮ್ಮ ಗೂಟಕ್ಕೆ ನೇತುಹಾಕಿದ್ದ ಕೈಚೀಲದಿಂದ ಕೊಡತಿ ತೆಗೆದಳು. ಹಿಡಿಯಲ್ಲಿ ಅವಳ ಹೆಬ್ಬೆರಳು ಕೂತು ಕೂತು ಸಣ್ಣ ಹಳ್ಳ ಬಿದ್ದಿತ್ತು. ಮೇಸ್ತ್ರಿಗೆ ಚಾಚಿದಳು. ಅವನು ಕೈ ನೀಡಲಿಲ್ಲ. "ಇಟ್ಕೋ ಟಿಣ್ಣಮ್ಮ. ನಿಂದೇ ಅಲ್ವಾ ಅದು. ನೆನಪಿಗಿರ್ಲಿ," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

"ಎಲ್ಲಾ ಒಂದೇ ಥರ ಕೇಳೋಳಿಗೆ ಇದ್ಯಾಕೆ? ನಾಳೆ ಬೆಂಚಿನ ಮೇಲೆ ಯಾರು ಕೂರ್ತಾರೋ ಅವರಿಗೆ ಕೊಡಿ. ಮೊದ್ಲು ಹೋಗಿ ಲಾರಿ ನಿಲ್ಸಿ."

ಅವನು ಕೊಡತಿಯನ್ನು ಜೇಬಿಗೆ ಹಾಕಿಕೊಂಡು, ಬೀಗ ಅಲ್ಲೇ ಮರೆತು, ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಓಡಿದ.